ಬಾರ್ಡರಿನಲ್ಲಿ ನಿಂತವರು

‘ಏನಿಲ್ಲ ಸಾರ್, ಬಾರ್ಡರ್‌ನಲ್ಲಿದೆ ಅಷ್ಟೆ.’

ರಿಪೋರ್ಟನ್ನು ಲಕೋಟೆಗೆ ತುರುಕುತ್ತ ಲ್ಯಾಬಿನ ಹುಡುಗ ಹಾಗಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ಗ್ರೇಸ್ ಮಾರ್ಕ್ಸಿನಲ್ಲಿ ಪಾಸಾದ ಹುಡುಗನ ಖುಷಿ ಅದು. ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿದ್ದವನು ಎದುರಿನ ಹೋಟೆಲಿಗೆ ನುಗ್ಗಿ ಸೆಟ್ ದೋಸೆ ತಿಂದೆ, ಕಾಫಿ ಕುಡಿದೆ, ಪಾಸಾದ ಲೆಕ್ಕಕ್ಕೆ ಒಂದು ಕೇಸರಿಬಾತನ್ನೂ ಹೇಳಿದೆ. ಲಕೋಟೆಯೊಳಗಿದ್ದ ಮೂರು ತಿಂಗಳ ಸರಾಸರಿ 6.1.

ಸಂಜೆ ಅಕ್ಕನಿಗೆ ಫೋನು ಮಾಡಿದೆ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿದ್ದಾಳೆ. ದಿನಕ್ಕೆರಡು ಸಲ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ‘ಬಾರ್ಡರಾ?’ ಎಂದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಂಗೂ ಹನ್ನೆರಡು ವರ್ಷದ ಹಿಂದೆ ಹಂಗೇ ಅಂದಿದ್ರು ಕಣೋ. ನಾನೂ ಖುಷಿಯಾಗೇ ಮನೆಗ್ ಬಂದಿದ್ದೆ.’

ಬಾರ್ಡರ್ ಎನ್ನುವ ಈ ಮಾತನ್ನು ಕರ್ನಾಟಕದ ಯಾವ ಮೂಲೆಗೆ ಹೋದರೂ ಕೇಳಬಹುದು. ಎಲ್ಲ ಕಾಯಿಲೆಗೂ ಇದು ಇಲ್ಲ. ಬಾರ್ಡರ್ ಟಿ.ಬಿ. ಅನ್ನುವುದಿಲ್ಲ, ಬಾರ್ಡರ್ ಕಾಮಾಲೆ ಅನ್ನುವುದಿಲ್ಲ. ಸಕ್ಕರೆ ಕಾಯಿಲೆಗೆ ನಾವೊಂದು ಗಡಿ ಎಳೆದುಕೊಂಡು, ಅದರ ಈಚೆ ಚಾಪೆ ಹಾಸಿ ಕೂತಿದ್ದೇವೆ. ಲ್ಯಾಬಿನ ಚೀಟಿಯ ಕೆಳಗೆ ಸಾಮಾನ್ಯವಾಗಿ ಅಚ್ಚಾಗಿರುವ ಲೆಕ್ಕ ಹೀಗಿದೆ: ಖಾಲಿ ಹೊಟ್ಟೆಯಲ್ಲಿ 100ರಿಂದ 125, ಗ್ಲೂಕೋಸ್ ನೀರು ಕುಡಿದು ಎರಡು ಗಂಟೆಗೆ 140ರಿಂದ 199, ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 5.7ರಿಂದ 6.4. ಇದಿಷ್ಟೂ ಬಾರ್ಡರ್. ಖಾಲಿ ಹೊಟ್ಟೆಯ 126, ಎರಡು ಗಂಟೆಯ 200, ಸರಾಸರಿ 6.5 ಮುಟ್ಟಿದರೆ ಆಚೆ ಕಡೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಸಮೀಕ್ಷೆಯೊಂದರ ಲೆಕ್ಕ 2023ರಲ್ಲಿ ಹೊರಬಂತು. ಅದರ ಪ್ರಕಾರ ಗಡಿ ದಾಟಿದವರು 10 ಕೋಟಿ 10 ಲಕ್ಷ. ಗಡಿಯಲ್ಲಿ ಕೂತವರು 13 ಕೋಟಿ 60 ಲಕ್ಷ. ಗೋವಾದಲ್ಲಿ ವಯಸ್ಕರ ಪೈಕಿ ಶೇ 26.4 ಮಂದಿಗೆ ಸಕ್ಕರೆ ಇದ್ದರೆ ಉತ್ತರ ಪ್ರದೇಶದಲ್ಲಿ ಶೇ 4.8 ಮಾತ್ರ. ಆದರೆ ಅದೇ ಉತ್ತರ ಪ್ರದೇಶದಲ್ಲಿ ಬಾರ್ಡರಿನವರು ಶೇ 18. ಅಲ್ಲಿ ಕಾಯಿಲೆ ಬಂದಿಲ್ಲ ಎನ್ನುವುದಕ್ಕಿಂತ ಇನ್ನೂ ಬಸ್ ಹತ್ತಿ ಬರುತ್ತಿದೆ ಎನ್ನುವುದು ಸರಿ.

ಇಲ್ಲಿ ಹೇಳುತ್ತಿರುವುದು ಎರಡನೇ ಬಗೆಯ ಸಕ್ಕರೆ ಕಾಯಿಲೆಯ ವಿಷಯ, ಅಂದರೆ ಟೈಪ್ ಟೂ. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಕಾಣಿಸುವ ಮೊದಲ ಬಗೆಯ ದಾರಿಯೇ ಬೇರೆ. ಅಲ್ಲಿ ದೇಹದ ಕಾವಲು ಪಡೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದುಹಾಕುತ್ತದೆ. ಅದರಲ್ಲಿ ಊಟದ ತಪ್ಪಾಗಲಿ ಸೋಮಾರಿತನವಾಗಲಿ ಏನೂ ಇಲ್ಲ.

ರಿಪೋರ್ಟು ಹಿಡಿದು ಹೋದಾಗ ಎರಡನೆಯದು ಹೇಗೆ ಬರುತ್ತದೆಂದು ಡಾಕ್ಟರು ಹೇಳಿದರು; ಆಗ ನನಗೆ ನೆನಪಾದದ್ದು ಅಜ್ಜಿ ಮನೆಯ ಸುಗ್ಗಿ. ಕಣದಿಂದ ಬಂದ ರಾಗಿಯಲ್ಲಿ ದಿನಬಳಕೆಯದು ಮನೆಯೊಳಗಿನ ವಾಡೆಗೆ, ಉಳಿದದ್ದು ನೆಲದಡಿಯ ಹಗೇವಿಗೆ. ದೇಹದಲ್ಲೂ ಹಾಗೇ. ಉಂಡ ಅನ್ನ ಮುದ್ದೆ ಗ್ಲೂಕೋಸಾಗಿ ರಕ್ತಕ್ಕೆ ಇಳಿಯುತ್ತದೆ. ಅದನ್ನು ಹೊತ್ತು ಸಾಗಿಸುವ ಆಳು ಇನ್ಸುಲಿನ್. ವಾಡೆ ಅಂದರೆ ಯಕೃತ್ತು, ಅಂದರೆ ಲಿವರ್. ಹಗೇವು ಅಂದರೆ ಮಾಂಸಖಂಡ. ತೊಡೆ, ಮೀನಖಂಡ, ಬೆನ್ನಿನ ಮಾಂಸವೇ ಉಂಡ ಸಕ್ಕರೆಗೆ ದೊಡ್ಡ ಹಗೇವು. ಹೋದ ವರ್ಷದ ರಾಗಿ ಖರ್ಚಾಗದೆ ಹಗೇವು ತುಂಬಿಕೊಂಡಿದ್ದರೆ ಈ ವರ್ಷದ್ದನ್ನು ಎಲ್ಲಿಗೆ ಸುರಿಯುವುದು? ಮೊದಲು ಅಟ್ಟಕ್ಕೆ, ಆಮೇಲೆ ಪಡಸಾಲೆಗೆ. ಕೂತೇ ಇರುವವನ ಮಾಂಸಖಂಡ ಖಾಲಿಯಾಗುವುದಿಲ್ಲ. ಹೆಚ್ಚಾದದ್ದು ಕೊಬ್ಬಾಗಿ ಲಿವರಿನೊಳಗೆ, ಕರುಳಿನ ಸುತ್ತ, ಕೊನೆಗೆ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಒಳಗೂ ಸೇರುತ್ತದೆ.

ಆಳುಗಳನ್ನು ಕಳಿಸುವ ಯಜಮಾನ, ಅಂದರೆ ಆ ಗ್ರಂಥಿ, ಸುಮ್ಮನಿರುವುದಿಲ್ಲ. ಒಬ್ಬ ಆಳಿನಿಂದ ಆಗದಿದ್ದರೆ ಇಬ್ಬರನ್ನು ಕಳಿಸುತ್ತಾನೆ, ನಾಲ್ವರನ್ನು ಕಳಿಸುತ್ತಾನೆ. ಹಾಗೆ ವರ್ಷಗಟ್ಟಲೆ ಎರಡುಪಟ್ಟು ಇನ್ಸುಲಿನ್ ಸುರಿದು ದೇಹ ರಕ್ತದ ಸಕ್ಕರೆಯನ್ನು ಸರಿಯಾಗಿಯೇ ಇಟ್ಟಿರುತ್ತದೆ. ಪರೀಕ್ಷೆ ಮಾಡಿಸಿದರೂ ‘ನಾರ್ಮಲ್’. ಆಳುಗಳು ಸುಸ್ತಾಗತೊಡಗಿದ ದಿನವೇ ಬಾರ್ಡರ್. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಇನ್ಸುಲಿನ್ ತಯಾರಿಸುವ ಶಕ್ತಿ ಸುಮಾರು ಅರ್ಧ ಹೋಗಿರುತ್ತದೆಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿದೆ. ಅಂದರೆ ಲ್ಯಾಬಿನ ಹುಡುಗ ‘ಏನಿಲ್ಲ’ ಅಂದಾಗ ನನ್ನ ಮನೆಯ ಅಟ್ಟದಲ್ಲಿ ಆಗಲೇ ರಾಗಿ ತುಂಬಿ ಜಂತಿ ಬಾಗಿತ್ತು.

‘ಆದ್ರೆ ನಾನೇನು ದಪ್ಪ ಇಲ್ವಲ್ಲ’ ಎಂದು ಡಾಕ್ಟರ ಹತ್ತಿರ ವಾದಕ್ಕೆ ನಿಂತೆ. ಅವರು ಮೇಜಿನ ಡ್ರಾಯರಿನಿಂದ ಟೈಲರ್ ಟೇಪು ತೆಗೆದರು. ಹೊಕ್ಕುಳಿನ ಮಟ್ಟಕ್ಕೆ 96 ಸೆಂಟಿಮೀಟರ್. ನನ್ನ ಪ್ಯಾಂಟಿನ ಸೊಂಟ 34 ಇಂಚು ಎಂದೆ. ‘ಪ್ಯಾಂಟು ಹೊಟ್ಟೆ ಕೆಳಗಿದೆ ಸಾರ್’ ಎಂದರು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಾಗಬೇಕು ಎನ್ನುವುದು ನಮ್ಮ ಜನಕ್ಕಾಗಿ ಮಾಡಿದ ಲೆಕ್ಕ. ಯುರೋಪಿನವರಿಗೆ ಬೇರೆ ಅಳತೆ.

ಯಾಕೆ ಬೇರೆ? 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಫೋಟೊ ಇದಕ್ಕೆ ಉತ್ತರ. ಇಬ್ಬರು ವಿಜ್ಞಾನಿಗಳು ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಸಿ.ಎಸ್. ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಸೂಚಿ, ನಾವೆಲ್ಲ ಬಿಎಂಐ ಅನ್ನುತ್ತೇವಲ್ಲ, ಅದು ಇಬ್ಬರದೂ 22.3. ನೋಡಲಿಕ್ಕೆ ಇಬ್ಬರೂ ಸಪೂರ. ಆದರೆ ದೇಹದ ಕೊಬ್ಬು ಅಳೆದಾಗ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ತೆಳ್ಳಗೆ ಕಾಣುವ ಭಾರತೀಯನ ಚರ್ಮದಡಿ ಒಬ್ಬ ದಪ್ಪ ಮನುಷ್ಯ ಕೂತಿದ್ದಾನೆ. ಸಣಕಲು ಕೈಕಾಲು, ಮುಂದೆ ಪುಟ್ಟ ಮಡಕೆಯಂಥ ಹೊಟ್ಟೆ: ಯಾವ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಎದುರಿಗೆ ಕಾಣುವ ಆಕಾರ ಅದು. ಹಗೇವು ಚಿಕ್ಕದು, ಅಟ್ಟ ಬೇಗ ತುಂಬುತ್ತದೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರಿಗೂ ಇದು ಅನ್ವಯ. ಅಲ್ಲಿನ ಮಧುಮೇಹ ಸಂಘ ಇತರರಿಗೆ ಬಿಎಂಐ 25ಕ್ಕೆ ಪರೀಕ್ಷೆ ಶುರುಮಾಡಿ ಎಂದರೆ, ಏಷ್ಯಾ ಮೂಲದವರಿಗೆ 2015ರಿಂದ 23ಕ್ಕೇ ಮಾಡಿ ಎನ್ನುತ್ತಿದೆ.

ಈ ಮಡಕೆ ಹೊಟ್ಟೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ನನ್ನೂರು ಮೈಸೂರಿಗೇ ಬಂದು ನಿಲ್ಲುತ್ತೇವೆ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವುದು. ಊರಿನ ಹಳೆಯ ಮನೆಗಳಲ್ಲಿ ‘ಮಿಷನ್ ಆಸ್ಪತ್ರೇಲಿ ಹುಟ್ಟಿದವನು’ ಎಂಬುದೊಂದು ಗುರುತಿನ ಚೀಟಿ. ನಾನೂ ಅಲ್ಲೇ ಹುಟ್ಟಿದವನು. ಅಮ್ಮನ ಲೆಕ್ಕದಲ್ಲಿ ‘ಐದು ಪೌಂಡು ಚಿಲ್ಲರೆ’. ಅಲ್ಲಿನ ಹೆರಿಗೆ ವಾರ್ಡಿನಲ್ಲಿ 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಬರೆದವರಿಗೆ ಇದು ಮುಂದೆ ಯಾರಿಗಾದರೂ ಬೇಕಾದೀತು ಎಂಬ ಕಲ್ಪನೆ ಇದ್ದಿರಲಾರದು. ಅಚ್ಚುಕಟ್ಟು, ಅಷ್ಟೆ.

ಬಹಳ ವರ್ಷಗಳ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಒಂದು ಹೊಸ ವಾದ ಹೂಡಿದರು: ನಡುವಯಸ್ಸಿನಲ್ಲಿ ಬರುವ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಗಳ ಬೀಜ ಗರ್ಭದಲ್ಲೇ ಬಿದ್ದಿರುತ್ತದೆ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಅಪಾಯ ಹೆಚ್ಚು ಎಂದು. ಭಾರತದಲ್ಲೂ ಇದು ನಿಜವೇ ಎಂದು ನೋಡಲು ಅವರ ಸಂಸ್ಥೆಯ ಡಾ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿನ ವೈದ್ಯರ ಜೊತೆ ಸೇರಿ ಆ ಹಳೆಯ ರಿಜಿಸ್ಟರುಗಳನ್ನು ಹಿಡಿದರು. ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ತಿರುಗಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ಪತ್ತೆಮಾಡಿ, ರಿಜಿಸ್ಟರಿನ ಸಾಲಿಗೆ ಜೀವಂತ ಮನುಷ್ಯರನ್ನು ಹೊಂದಿಸಿದರು. ಐದುನೂರಕ್ಕೂ ಹೆಚ್ಚು ಜನ ಸಿಕ್ಕರು. ಬಾಡಿಗೆ ಮನೆ ಬದಲಾಗಿ, ಹೆಸರು ಬದಲಾಗಿ, ನಲವತ್ತು ಐವತ್ತು ವರ್ಷ ಸರಿದ ಮೇಲೆ ಇಷ್ಟು ಜನ ಸಿಕ್ಕಿದ್ದೇ ಮೈಸೂರಿನ ಒಂದು ಗುಣ ಎಂದು ನನಗನ್ನಿಸುತ್ತದೆ. ನಾವು ಹುಟ್ಟಿದ ಬೀದಿ ಬಿಟ್ಟು ಕದಲುವವರಲ್ಲ.

ಹೃದಯದ ವಿಷಯದಲ್ಲಿ ಬಾರ್ಕರ್ ಹೇಳಿದ್ದೇ ಆಯಿತು. ಐದೂವರೆ ಪೌಂಡು ಇಲ್ಲವೇ ಅದಕ್ಕಿಂತ ಕಡಿಮೆ ಇದ್ದು ಹುಟ್ಟಿದವರ ಪೈಕಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಏಳು ಪೌಂಡು ದಾಟಿ ಹುಟ್ಟಿದವರಲ್ಲಿ ಶೇ 3. ಸಕ್ಕರೆಯ ವಿಷಯದಲ್ಲಿ ಮಾತ್ರ ಮೈಸೂರು ಬೇರೆಯೇ ಮಾತಾಡಿತು. ಇಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿದ್ದದ್ದು ಸಣಕಲಾಗಿ ಹುಟ್ಟಿದವರಲ್ಲಲ್ಲ. ಉದ್ದ ಕಡಿಮೆ ಇದ್ದು, ಆ ಉದ್ದಕ್ಕೆ ಮೈ ತುಂಬಿಕೊಂಡು ಹುಟ್ಟಿದವರಲ್ಲಿ. ಅವರ ತಾಯಂದಿರು ಉಳಿದವರಿಗಿಂತ ತೂಕವಿದ್ದವರು. ಹಾಗಾದರೆ ಆ ತಾಯಂದಿರಿಗೆ ಬಸುರಿನಲ್ಲಿ ಸಕ್ಕರೆ ಏರಿದ್ದಿರಬಹುದೇ? ಆಗ ಯಾರೂ ಅಳೆದಿರಲಿಲ್ಲ.

ಅಳೆಯೋಣ ಎಂದು 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಇನ್ನೊಂದು ಅಧ್ಯಯನ ಶುರುವಾಯಿತು. 830 ಬಸುರಿಯರು ಸೇರಿದರು. ನೂರಕ್ಕೆ ಆರು ಮಂದಿಯಲ್ಲಿ ಬಸುರಿನ ಸಕ್ಕರೆ ಇತ್ತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡದವರು ಆ ತಾಯಂದಿರನ್ನೂ ಮಕ್ಕಳನ್ನೂ ಬಿಡದೆ ವರ್ಷಗಟ್ಟಲೆ ಹಿಂಬಾಲಿಸಿದರು. ಐದು ವರ್ಷಕ್ಕೆ, ಬಸುರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಪೈಕಿ ಶೇ 37 ಮಂದಿಗೆ ಸಕ್ಕರೆ ಕಾಯಿಲೆಯೇ ಬಂದಿತ್ತು. ಇಲ್ಲದಿದ್ದವರಲ್ಲಿ ಶೇ 2. ಮಕ್ಕಳಲ್ಲೂ ಅದರ ನೆರಳಿತ್ತು. ಐದನೇ ವಯಸ್ಸಿಗೇ ಆ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬು ಉಳಿದ ಮಕ್ಕಳಿಗಿಂತ ಹೆಚ್ಚು. ಒಂಬತ್ತು ಹತ್ತರ ಹೊತ್ತಿಗೆ ಇನ್ಸುಲಿನ್ ಕೆಲಸಕ್ಕೂ ತಡೆ ಕಾಣಿಸಿಕೊಂಡಿತ್ತು.

ಇದನ್ನು ಓದಿದ ರಾತ್ರಿ ನಾನು ಮತ್ತೆ ಅಕ್ಕನಿಗೆ ಫೋನು ಮಾಡಿದೆ. ‘ನಿಂಗೆ ಪುಟ್ಟಿ ಹೊಟ್ಟೇಲಿದ್ದಾಗ ಸಕ್ಕರೆ ಇತ್ತಾ?’

‘ಇತ್ತು. ಹೆರಿಗೆ ಆದ್ಮೇಲೆ ಹೋಯ್ತು ಅಂದ್ರು.’

ಹೋಯಿತು ಎಂದವರು ಪೂರ್ತಿ ಸುಳ್ಳು ಹೇಳಿರಲಿಲ್ಲ. ಹೆಚ್ಚಿನವರಿಗೆ ಹೆರಿಗೆಯಾದ ಕೂಡಲೇ ಸಕ್ಕರೆ ಇಳಿಯುತ್ತದೆ. ಆದರೆ ಬಸುರಿನಲ್ಲಿ ಒಮ್ಮೆ ತಲೆಹಾಕಿದ ಸಕ್ಕರೆ ‘ಮುಂದೆ ಬರುತ್ತೇನೆ’ ಎಂದು ವಿಳಾಸ ಕೇಳಿಕೊಂಡು ಹೋಗಿರುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗಲೂ ಇಂಥ ತಾಯಂದಿರಿಗೆ ಅಪಾಯ ಏಳುಪಟ್ಟು. ಹೆರಿಗೆಯಾದ ಆರು ವಾರಕ್ಕೆ ಒಂದು ಪರೀಕ್ಷೆ, ಆಮೇಲೆ ವರ್ಷಕ್ಕೊಂದು ಸಲ ಎಂಬುದು ನಿಯಮ. ಆರು ವಾರಕ್ಕೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತಿರುತ್ತದೆ? ಮಗುವಿಗೆ ಲಸಿಕೆ, ಬಾಣಂತಿಗೆ ಎಣ್ಣೆನೀರು, ತುಪ್ಪದ ಅಂಟಿನುಂಡೆ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗುತ್ತಾರೆ; ಎತ್ತಿಕೊಂಡವಳ ಬೆರಳಿಗೆ ಸೂಜಿ ಚುಚ್ಚುವವರಿಲ್ಲ. ಸಕ್ಕರೆ ತಡೆಯಲು ಒಂದೇ ಒಂದು ಕಡೆ ದುಡ್ಡು ಹಾಕಿ ಎಂದು ಸರ್ಕಾರ ನನ್ನನ್ನು ಕೇಳಿದರೆ, ಕೇಳುವುದಿಲ್ಲ, ಕೇಳಿದರೆ ನಾನು ಇಲ್ಲೇ ಹಾಕಿ ಎನ್ನುತ್ತೇನೆ.

ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ 1993ರಿಂದ ಯಾಜ್ಞಿಕ್ ನಡೆಸಿದ ಅಧ್ಯಯನ ಇನ್ನೊಂದು ಕೊಂಡಿಯನ್ನು ಸೇರಿಸುತ್ತದೆ. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಕೂಸುಗಳದು 3.5. ಕಡಿಮೆಯಾದ ಆ ಮುಕ್ಕಾಲು ಕಿಲೊದಲ್ಲಿ ಹೋದದ್ದು ಹೆಚ್ಚಾಗಿ ಮಾಂಸ ಮತ್ತು ಅಂಗಾಂಗ. ಕೊಬ್ಬು ಮಾತ್ರ ಹೆಚ್ಚುಕಡಿಮೆ ಉಳಿದುಕೊಂಡಿತ್ತು. ಮಡಕೆ ಹೊಟ್ಟೆ ನಡುವಯಸ್ಸಿನ ಕೊಡುಗೆಯಲ್ಲ, ತೊಟ್ಟಿಲಿನದು. ಬರಗಾಲಕ್ಕೆಂದು ತಯಾರಾದ ಮೈ, ದಿನಾ ಮೂರು ಹೊತ್ತು ಸೋನಾ ಮಸೂರಿ ಸಿಗುವ ಕಾಲಕ್ಕೆ ಬಂದು ಸಿಕ್ಕಿಹಾಕಿಕೊಂಡಿದೆ.

ಹಾಗಂತ ಇದು ಹಣೆಬರಹ ಎಂದು ಕೈಚೆಲ್ಲಬೇಕಾಗಿಲ್ಲ. ನಮ್ಮ ಹಳಬರೇ ಕೈಚೆಲ್ಲಿರಲಿಲ್ಲ. ಆಯುರ್ವೇದದ ಸುಶ್ರುತ ಸಂಹಿತೆ ಪ್ರಮೇಹದಲ್ಲಿ, ಅಂದರೆ ಸಕ್ಕರೆ ಕಾಯಿಲೆಯಂಥದ್ದರಲ್ಲಿ, ಎರಡು ಬಗೆ ಹೇಳುತ್ತದೆ: ಹುಟ್ಟಿನಿಂದ ಬಂದು ರೋಗಿಯನ್ನು ಸೊರಗಿಸುವುದು ಒಂದು, ತಿಂದು ಕೂತು ತಂದುಕೊಳ್ಳುವ ಸ್ಥೂಲರದು ಇನ್ನೊಂದು. ಎರಡನೆಯದರಲ್ಲಿ ಬಡವನಿಗೆ ಬರೆದ ಮದ್ದು ನನಗೆ ತುಂಬ ಇಷ್ಟ. ಚಪ್ಪಲಿ ಛತ್ರಿ ಇಲ್ಲದೆ ನೂರು ಯೋಜನ ನಡೆಯಲಿ, ಇಲ್ಲವೇ ಬಾವಿ ತೋಡಲಿ. ಚರಕ ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಹಾಯಾಗಿ ಕೂರುವ ಸುಖ, ನಿದ್ದೆಯ ಸುಖ, ಮೊಸರು, ಹೊಸ ಧಾನ್ಯದ ಜೊತೆಗೆ ಬೆಲ್ಲದ ತಿನಿಸುಗಳೂ ಇವೆ. ಬೆಲ್ಲ! ‘ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೀನಿ, ಆಯುರ್ವೇದ’ ಎನ್ನುವ ಗೆಳೆಯರಿಗೆ ಈ ಸಾಲನ್ನು ತೋರಿಸಬೇಕೆಂದಿದ್ದೇನೆ. ಮಂಡ್ಯದ ಆಲೆಮನೆಯ ಮೇಲೆ ನನಗೂ ಪ್ರೀತಿಯಿದೆ. ಆದರೆ ಬೆಲ್ಲವೂ ಕಬ್ಬಿನ ಸಕ್ಕರೆಯೇ, ಸ್ವಲ್ಪ ಬಣ್ಣ, ಸ್ವಲ್ಪ ಖನಿಜ. ರಕ್ತಕ್ಕೆ ಇಳಿದ ಮೇಲೆ ಅದರ ವೇಷ ಕಳಚುತ್ತದೆ.

ಇನ್ನು ಮುದ್ದೆಯ ಪ್ರಶ್ನೆ. ಇದನ್ನು ಮುಟ್ಟಿದರೆ ಜಗಳ ಗ್ಯಾರಂಟಿ. ‘ನಮ್ಮಜ್ಜ ಹೊತ್ತಿಗೆ ಮೂರು ಮುದ್ದೆ ಉಣ್ತಿದ್ದ, ಎಂಬತ್ತೈದು ಬದುಕಿದ, ಯಾವ ಶುಗರೂ ಇರಲಿಲ್ಲ.’ ಸರಿ. ಆದರೆ ಅಜ್ಜ ಕೋಳಿ ಕೂಗುವ ಹೊತ್ತಿಗೆ ನೇಗಿಲ ಹಿಂದಿರುತ್ತಿದ್ದ. ಸಂಜೆಗೆ ಅವನ ಹಗೇವು ಬರಿದು. ಮುದ್ದೆ ಬೀಳುವ ಮೊದಲೇ ಜಾಗ ತಯಾರಿರುತ್ತಿತ್ತು. ನಾವು ಅಜ್ಜನ ಮುದ್ದೆಯನ್ನು ಇಟ್ಟುಕೊಂಡು ನೇಗಿಲನ್ನು ಬಿಟ್ಟವರು. ರಾಗಿಯಲ್ಲಿ ನಾರಿದೆ, ಸುಣ್ಣದಂಶ ಬೇಕಾದಷ್ಟಿದೆ, ಬಿಳಿ ಅನ್ನಕ್ಕಿಂತ ಒಳ್ಳೆಯದೇ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಬೇಯಿಸಿ, ಅಗಿಯದೆ ನುಂಗಿದರೆ ಅದು ಸಕ್ಕರೆಯಾಗಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಒಂದು ಮುದ್ದೆ ಊಟ, ಮೂರು ಮುದ್ದೆ ಹೊಲದ ಕೂಲಿ.

ಅನ್ನದ ಕಥೆ ಇನ್ನೂ ನೇರ. ಊಟದ ನಂತರ ಸಕ್ಕರೆ ಎಷ್ಟು ಬೇಗ ಏರುತ್ತದೆ ಎಂಬುದಕ್ಕೊಂದು ಅಳತೆಯಿದೆ. ಶುದ್ಧ ಗ್ಲೂಕೋಸಿಗೆ 100. 70 ದಾಟಿದರೆ ಹೆಚ್ಚು ಎಂದು ಅರ್ಥ. ಚೆನ್ನೈನಲ್ಲಿ ಅಳೆದಾಗ ಸೋನಾ ಮಸೂರಿಗೆ ಬಂದದ್ದು 72. ಅದೊಂದೇ ತಪ್ಪಿತಸ್ಥ ಅಲ್ಲ; ತಟ್ಟೆಯಲ್ಲಿ ಅದರ ಗುಡ್ಡ ತಪ್ಪಿತಸ್ಥ. ಭಾರತೀಯರಿಗೆ ದಿನದ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತಿದೆ ಎನ್ನುತ್ತದೆ ಅದೇ ಐಸಿಎಂಆರ್ ಸಮೀಕ್ಷೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಚುರುಮುರಿ, ರಾತ್ರಿ ಮತ್ತೆ ಅನ್ನ. ‘ನಾನು ಸ್ವೀಟ್ ಮುಟ್ಟೋದೇ ಇಲ್ಲ’ ಎನ್ನುವವರಿಗೂ ಸಕ್ಕರೆ ಬರುವುದು ಹೀಗೆ. ಸಿರಿಧಾನ್ಯಗಳು, ಸಾಮೆ, ನವಣೆ, ಕೊರಲೆ, ಹಾರಕ, ಪಾಲಿಶ್ ಆಗದೆ ಇಡಿಯಾಗಿ ಬಂದರೆ ಒಳ್ಳೆಯವು. ಬಿಸ್ಕತ್ತಾಗಿ, ಲಾಡುವಾಗಿ, ಮಾಲ್ಟ್ ಆಗಿ ಡಬ್ಬದಲ್ಲಿ ಬಂದರೆ ಆ ಡಬ್ಬದವನಿಗೆ ಒಳ್ಳೆಯವು.

ಪರಿಹಾರಕ್ಕೆ ನಾವು ಓಟ್ಸಿನ ಹಿಂದೆ ಓಡಬೇಕಾಗಿಲ್ಲ ಎನ್ನುವುದೇ ನನಗೆ ಸಮಾಧಾನ. ನಮ್ಮ ಮಂಡ್ಯ ಮೈಸೂರು ಕಡೆಯ ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿನಿಂದ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ತಟ್ಟೆಯ ಅರ್ಧ ಆ ಪಲ್ಯ, ಕಾಲು ಭಾಗ ಮುದ್ದೆ ಎಂದಾಗಿಬಿಟ್ಟರೆ ಕೆಲಸ ಮುಗಿಯಿತು. ನಾವು ಮಾಡುವುದು ಉಲ್ಟಾ: ಮುದ್ದೆ ತಟ್ಟೆ ತುಂಬ, ಪಲ್ಯ ‘ನೆಂಚಿಕೊಳ್ಳಕ್ಕೆ’. ಹುರುಳಿ, ಅವರೆ, ಅಲಸಂದೆ, ಹೆಸರು, ಮೊಟ್ಟೆ, ಮೀನು ಇವೆಲ್ಲ ನಮ್ಮ ಊಟದಲ್ಲಿ ಯಾವಾಗಲೂ ಇದ್ದವೇ. ಬಡ್ತಿ ಸಿಗಲಿಲ್ಲ ಅಷ್ಟೆ.

ಬಾಳೆಲೆಯ ಮೇಲೆ ಮೊದಲು ಬೀಳುವುದೂ ಕೋಸಂಬರಿ, ಪಲ್ಯಗಳೇ ಅಲ್ಲವೇ. ತರಕಾರಿ, ಬೇಳೆಯಂಥದ್ದನ್ನು ಮೊದಲು ತಿಂದು ಅನ್ನ ರೊಟ್ಟಿಗಳನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆ ಅಷ್ಟು ಜಿಗಿಯುವುದಿಲ್ಲವೆಂದು ನ್ಯೂಯಾರ್ಕಿನ ವೈದ್ಯರು 2015ರಲ್ಲಿ ಒಂದು ಪುಟ್ಟ ಅಧ್ಯಯನ ಮಾಡಿ ಹೇಳಿದರು. ಬಡಿಸುವ ಕ್ರಮ ನಮ್ಮಲ್ಲಿ ಸರಿಯಾಗಿಯೇ ಇದೆ. ಅನ್ನ ಬರುವವರೆಗೆ ಎಲೆ ಮುಟ್ಟದೆ ಕಾಯುವವರು ನಾವು.

ನಡಿಗೆಯ ಬಗ್ಗೆ ಎಲ್ಲರಿಗೂ ಗೊತ್ತು, ಆದ್ದರಿಂದ ಯಾರೂ ಕೇಳಿಸಿಕೊಳ್ಳುವುದಿಲ್ಲ. ಗೊತ್ತಿಲ್ಲದ ಸಂಗತಿಯೊಂದಿದೆ. ಕೆಲಸ ಮಾಡುತ್ತಿರುವ ಮಾಂಸಖಂಡ ಇನ್ಸುಲಿನ್ ಬಂದು ಕದ ತಟ್ಟಲಿ ಎಂದು ಕಾಯುವುದಿಲ್ಲ; ತಾನೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಆಳುಗಳು ಸುಸ್ತಾದ ಮನೆಯಲ್ಲಿ ಇದು ಹಿತ್ತಿಲ ಬಾಗಿಲು. ಹಾಗಾಗಿ ಉಂಡ ಮೇಲಿನ ಹತ್ತು ಹದಿನೈದು ನಿಮಿಷದ ನಡಿಗೆಗೆ ಬೆಲೆ ಜಾಸ್ತಿ. ವಾರಕ್ಕೆರಡು ಸಲ ಭಾರ ಎತ್ತುವ, ಬಸ್ಕಿ ಹೊಡೆಯುವ ಕೆಲಸವೂ ಬೇಕು, ಹಗೇವನ್ನೇ ದೊಡ್ಡದು ಮಾಡಲು. ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ನಡೆಯುವವರನ್ನು ದಿನಾ ನೋಡುತ್ತೇನೆ. ಅರ್ಧ ಜನ ನೇರ ಹೋಗಿ ಕೂರುವುದು ದೋಸೆ ಹೋಟೆಲಿನಲ್ಲಿ. ನಾನು ನಡೆಯದೆಯೇ ಅವರ ಪಕ್ಕ ಕೂರುತ್ತಿದ್ದೆ.

ಇದೆಲ್ಲ ಮಾಡಿದರೆ ನಿಜಕ್ಕೂ ತಪ್ಪುತ್ತದೆಯೇ? ತಪ್ಪುತ್ತದೆ ಎಂದು ಹೇಳಲು ಗಟ್ಟಿ ಲೆಕ್ಕಗಳಿವೆ. ಅಮೆರಿಕದಲ್ಲಿ ಬಾರ್ಡರಿನಲ್ಲಿದ್ದ 3,234 ಮಂದಿಯ ಮೇಲೆ ನಡೆದ ಪ್ರಯೋಗ 2002ರಲ್ಲಿ ಹೇಳಿದ್ದು: ವಾರಕ್ಕೆ 150 ನಿಮಿಷ ನಡಿಗೆ, ತೂಕದಲ್ಲಿ ಶೇ 7ರಷ್ಟು ಇಳಿಕೆ ಎಂಬ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆ ಬರುವ ಸಾಧ್ಯತೆ ಶೇ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಶೇ 31. ಮಾತ್ರೆಗಿಂತ ನಡಿಗೆ ಗೆದ್ದಿತು. ಚೀನಾದ ಡಾಚಿಂಗ್ ಎಂಬ ಊರಿನಲ್ಲಿ 1986ರಲ್ಲಿ ಇಂಥದ್ದೇ ಪ್ರಯೋಗ ಶುರುವಾಗಿತ್ತು, 577 ಮಂದಿ, ಆರು ವರ್ಷ. ಮೂವತ್ತು ವರ್ಷವಾದ ಮೇಲೆ ಹೋಗಿ ನೋಡಿದಾಗ, ಊಟ ವ್ಯಾಯಾಮ ಬದಲಿಸಿಕೊಂಡ ಗುಂಪಿಗೆ ಕಾಯಿಲೆ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯ ರಕ್ತನಾಳದ ಕಾಯಿಲೆಯಿಂದ ಸಾವೂ ಮೂರನೇ ಒಂದರಷ್ಟು ಕಡಿಮೆ.

ನಮ್ಮದೂ ಒಂದಿದೆ. ಡಾ. ಎ. ರಾಮಚಂದ್ರನ್ ಮತ್ತು ತಂಡ ಚೆನ್ನೈನಲ್ಲಿ 531 ಮಂದಿ ಬಾರ್ಡರಿನವರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ್ದು. ಇಲ್ಲಿ ನಡಿಗೆ ಮತ್ತು ಊಟದ ಬದಲಾವಣೆಯಿಂದ ಅಪಾಯ ತಗ್ಗಿದ್ದು ಶೇ 28.5. ಅಮೆರಿಕದ ಅರ್ಧ. ಆದರೆ ನಾನು ಬೆಚ್ಚಿದ್ದು ಬೇರೆ ಅಂಕಿಗೆ. ಏನೂ ಮಾಡದೆ ಸಾಮಾನ್ಯ ಸಲಹೆಯಷ್ಟೇ ಪಡೆದ ಗುಂಪಿನಲ್ಲಿ ಮೂರು ವರ್ಷದೊಳಗೆ ಶೇ 55 ಮಂದಿ ಗಡಿ ದಾಟಿದ್ದರು. ಅಮೆರಿಕದ ಅಂಥದೇ ಗುಂಪಿನಲ್ಲಿ ಅದು ಶೇ 29ರ ಆಸುಪಾಸು. ನಮ್ಮ ಬಾರ್ಡರು ಚಾಪೆ ಹಾಸಿ ಕೂರುವ ಜಾಗವಲ್ಲ, ಇಳಿಜಾರು. ಇನ್ನೊಂದು ವಿಚಿತ್ರವೂ ಅಲ್ಲಿತ್ತು: ಚೆನ್ನೈನವರಿಗೆ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಆದರೂ ಲಾಭ ಸಿಕ್ಕಿತು. ಸಪೂರ ಮೈಯವರು ತಕ್ಕಡಿ ನೋಡಿ ನಿರಾಶರಾಗಬೇಕಿಲ್ಲ, ಟೇಪು ನೋಡಿಕೊಳ್ಳಲಿ.

ಗಡಿ ದಾಟಿದವರ ಕಥೆ ಮುಗಿಯಿತೆಂದಲ್ಲ. ನ್ಯೂಕ್ಯಾಸಲ್ಲಿನ ಪ್ರೊ. ರಾಯ್ ಟೇಲರ್ ಮತ್ತು ಸಂಗಡಿಗರು ಕಾಯಿಲೆ ಬಂದು ಆರು ವರ್ಷದೊಳಗಿನವರನ್ನು ಆರಿಸಿ, ವೈದ್ಯರ ನಿಗಾದಲ್ಲಿ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಗೆ ಊಟ ಇಳಿಸಿದಾಗ, ವರ್ಷದ ಕೊನೆಗೆ ಶೇ 46 ಮಂದಿಗೆ ಮಾತ್ರೆಯಿಲ್ಲದೆಯೇ ಸಕ್ಕರೆ ಗಡಿಯ ಈಚೆ ಬಂದಿತ್ತು. ಅಟ್ಟದ ರಾಗಿ ಖಾಲಿಯಾದರೆ ಆಳುಗಳು ಸುಧಾರಿಸಿಕೊಳ್ಳುತ್ತಾರೆ ಎಂದಾಯಿತು. ಮಾತ್ರೆ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಾಳೆಯಿಂದಲೇ ಉಪವಾಸ ಕೂತರೆ ಸಕ್ಕರೆ ಕುಸಿದು ಪ್ರಾಣಕ್ಕೇ ಬಂದೀತು. ಡಾಕ್ಟರನ್ನು ಕೇಳದೆ ಬೇಡ. ಹಾಗಲಕಾಯಿ ರಸ ಕುಡಿದು ಮಾತ್ರೆ ಬಿಟ್ಟವರಿಗೂ ಇದೇ ಮಾತು.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದಕ್ಕೆ ಚೆನ್ನೈನ ಡಾ. ವಿ. ಮೋಹನ್ ತಂಡ ಮಾಡಿದ ಸುಲಭದ ಅಂಕಪಟ್ಟಿ ಇದೆ, ರಕ್ತವೇ ಬೇಡ. ನನ್ನದನ್ನೇ ಹೇಳಿಬಿಡುತ್ತೇನೆ. ವಯಸ್ಸು ಐವತ್ತು ದಾಟಿದೆ: 30. ಸೊಂಟ 96: ಗಂಡಸರಿಗೆ 90ರಿಂದ 99ಕ್ಕೆ 10. ಕೂತು ಮಾಡುವ ಕೆಲಸ, ಲೆಕ್ಕಕ್ಕೆ ಸಿಗುವ ವ್ಯಾಯಾಮವಿಲ್ಲ: 30. ಅಮ್ಮನಿಗೆ ಸಕ್ಕರೆ ಇತ್ತು, ಅಪ್ಪನಿಗೆ ಇರಲಿಲ್ಲ: 10. ಒಟ್ಟು 80. ಅರವತ್ತಕ್ಕೇ ಅಪಾಯ. ಶಾಲೆಯಲ್ಲಿ ನನಗೆ ಇಷ್ಟು ಅಂಕ ಯಾವತ್ತೂ ಬಂದಿರಲಿಲ್ಲ. ಈ 80ರಲ್ಲಿ ವಯಸ್ಸು, ಅಮ್ಮ ಸೇರಿ 40 ನನ್ನ ಕೈಯಲ್ಲಿಲ್ಲ. ಉಳಿದ 40 ನನ್ನದೇ.

ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡುವ ಪರೀಕ್ಷೆ ಬಿಟ್ಟಿ ಇದೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಬಾಗಿಲಿಗೇ ಬರುತ್ತಾರೆ. ಬಂದವರಿಗೆ ‘ನಮ್ಮನೇಲಿ ಯಾರಿಗೂ ಏನೂ ಇಲ್ಲ’ ಎಂದು ಕದ ಹಾಕದಿದ್ದರೆ ಸಾಕು. ಬಸುರಿಯರಿಗೆ ಊಟವಾಗಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುತ್ತಾರೆ. 140 ಮುಟ್ಟಿದರೆ ಬಸುರಿನ ಸಕ್ಕರೆ ಎಂದೇ ಲೆಕ್ಕ. ಮೊದಲ ಭೇಟಿಯಲ್ಲೊಮ್ಮೆ, ಆರೇಳನೇ ತಿಂಗಳಲ್ಲಿ ಇನ್ನೊಮ್ಮೆ.

ಆರು ತಿಂಗಳಾದ ಮೇಲೆ ನಾನು ಅದೇ ಲ್ಯಾಬಿಗೆ ಹೋದೆ. ಕಾಫಿಗೆ ಸಕ್ಕರೆ ಬಿಟ್ಟಿದ್ದೆ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆರಡು ಚಮಚ, ಲೆಕ್ಕ ಹಾಕಿದರೆ ತಿಂಗಳಿಗೆ ಕಿಲೊ ದಾಟುತ್ತಿತ್ತು. ರಾತ್ರಿಯ ಅನ್ನ ಅರ್ಧಕ್ಕಿಳಿದಿತ್ತು, ಉಂಡ ಮೇಲೆ ಬೀದಿಯಲ್ಲಿ ಎರಡು ಸುತ್ತು. ಸೊಂಟ 91. ಸರಾಸರಿ 5.8. ಹುಡುಗ ನೋಡಿ, ‘ಇನ್ನೂ ಬಾರ್ಡರೇ ಸಾರ್’ ಎಂದ. ಸೆಟ್ ದೋಸೆ ತಿನ್ನಲಿಲ್ಲ ಎಂದರೆ ಸುಳ್ಳಾದೀತು. ಕೇಸರಿಬಾತು ಹೇಳಲಿಲ್ಲ.

ಹೋಟೆಲಿನಿಂದ ಹೊರಬರುವಾಗ ಪುಟ್ಟಿಯ ಫೋನು. ಅಕ್ಕನ ಮಗಳು, ಆರು ತಿಂಗಳು ತುಂಬಿದೆ, ಅವತ್ತು ಬೆಳಿಗ್ಗೆ ಗ್ಲೂಕೋಸ್ ನೀರು ಕುಡಿದು ಆಸ್ಪತ್ರೆಯ ಬೆಂಚಿನಲ್ಲಿ ಎರಡು ಗಂಟೆ ಕೂತಿದ್ದವಳು.

‘ಮಾವ, 142 ಬಂತು. ಎರಡೇ ಪಾಯಿಂಟ್ ಜಾಸ್ತಿ. ಬಾರ್ಡರ್ ಅಷ್ಟೇ ತಾನೆ?’

‘ಅಲ್ಲ ಪುಟ್ಟಿ,’ ಎಂದೆ. ‘ಡಾಕ್ಟರ್ ಹೊರಟುಬಿಟ್ರಾ? ಅವರನ್ನ ನೋಡದೆ ಬರಬೇಡ. ಅಲ್ಲೇ ಇರು, ನಾನು ಬಸ್ ಹತ್ತುತೀನಿ.’